ಬೂಟಿನೊಳಗಿನ ನಂಬರು

ಮೊಳೆಯಪ್ಪ ಹೇಡಿ. ಇದನ್ನು ನಾನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ. ಅವನ ಹೆಂಡತಿ ಅವನೆದುರೇ ಹೇಳುತ್ತಿದ್ದಳು, ಅವನೂ ಅಲ್ಲವೆನ್ನುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಅವನದು ಬೂಟು ರಿಪೇರಿ ಅಂಗಡಿ. ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದಿಗೆ ಹಾಕಿದ ಒಂದು ಷಟರು. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದುದರಿಂದ ಆ ಹೆಸರು ಬಂತು. ನಿಜವಾದ ಹೆಸರನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂವತ್ತು ವರ್ಷದ ಹಿಂದೆ ಬೇರೆ ದೇಶದಿಂದ ಬಂದವನು. ಕಾಗದಪತ್ರಗಳೆಲ್ಲ ಸರಿಯಾಗಿದ್ದರೂ ಪೊಲೀಸ್ ಗಾಡಿ ಕಂಡರೆ ಷಟರನ್ನು ಅರ್ಧ ಇಳಿಸುತ್ತಿದ್ದ. ನೀರಿನ ಜಗಳವಿರಲಿ, ಬಾಡಿಗೆಯ ಜಗಳವಿರಲಿ, ನೀನೇ ಹೇಳಪ್ಪ ಎಂದರೆ ಇನ್ನೆರಡು ಮೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬಾಯಿ ತುಂಬ ಮೊಳೆ ಇಟ್ಟುಕೊಂಡವನನ್ನು ಯಾರು ಮಾತಾಡಿಸುತ್ತಾರೆ?

ಪಕ್ಕದ ಅಂಗಡಿ ದರ್ಜಿಯದು. ಅವನೂ ಹೊರಗಿನಿಂದ ಬಂದವನೇ. ದೇಶದಲ್ಲಿರಲು ಕೊಟ್ಟ ಪರವಾನಗಿ ಮುಗಿದಿತ್ತು, ಹೊಸದಕ್ಕೆ ಕೊಟ್ಟ ಅರ್ಜಿ ಎರಡು ವರ್ಷದಿಂದ ಯಾವುದೋ ಮೇಜಿನ ಮೇಲೆ ಕೂತಿತ್ತು. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಐದು ಜನ ಬಂದರು. ಮುಖಕ್ಕೆ ಕಪ್ಪು ಬಟ್ಟೆ, ಎದೆಯ ಮೇಲೆ ಹೆಸರಿಲ್ಲ, ನಂಬರಿಲ್ಲ, ವ್ಯಾನಿಗೆ ಗುರುತಿಲ್ಲ. ಅಳತೆಯ ಟೇಪು ಇನ್ನೂ ಕೊರಳಲ್ಲಿರುವಾಗಲೇ ದರ್ಜಿಯನ್ನು ಎಳೆದುಕೊಂಡು ಹೋದರು. ಯಾರು ನೀವು ಎಂದು ಕೇಳಿದ ಅವನ ಹೆಂಡತಿಗೆ, ಪಕ್ಕಕ್ಕೆ ಸರಿ ಎಂಬುದಷ್ಟೇ ಉತ್ತರ.

ಹಾಗೆ ಬರಕೂಡದೆಂದು ಆ ವರ್ಷವೇ ಕಾನೂನಾಗಿತ್ತು. ಬಂಧಿಸಲು ಬರುವ ವಲಸೆ ಅಧಿಕಾರಿ ಮುಖ ತೋರಿಸಬೇಕು, ನಂಬರು ಎದ್ದು ಕಾಣಬೇಕು, ಯಾವ ದಳದವನೆಂದು ಹೇಳಬೇಕು. ಒಳ್ಳೆಯ ಕಾನೂನು. ಮುರಿದವರ ಮೇಲೆ ದೂರು ಕೊಡಲು ಫಾರಂ ಕೂಡ ಇತ್ತು. ಅದರ ಮೊದಲ ಕಲಂ, ಅಧಿಕಾರಿಯ ನಂಬರು. ಅದು ಖಾಲಿಯಿದ್ದರೆ ಗುಮಾಸ್ತ ಫಾರಂ ಮುಟ್ಟುತ್ತಿರಲಿಲ್ಲ. ವಲಸಿಗರನ್ನು ಹಿಡಿಯುವ ದಳಗಳು ಮೂರು; ದರ್ಜಿಯ ಹೆಂಡತಿ ಮೂರರ ಕಚೇರಿಗೂ ಅಲೆದಳು. ಮೂರೂ ಕಡೆ, ನಮ್ಮವರಲ್ಲ ಎಂದರು. ಹಿಡಿದವರು ಯಾರೆಂದು ಹತ್ತು ದಿನದೊಳಗೆ ತೋರಿಸದಿದ್ದರೆ ಕೋರ್ಟಿಗೆ ಹೋಗಲು ದಾರಿಯಿಲ್ಲ, ವಿಮಾನ ಹತ್ತಿಸಿಬಿಡುತ್ತಾರೆ ಎಂದು ವಕೀಲರು ಹೇಳಿದರು.

ಅವಳು ಮೊಳೆಯಪ್ಪನ ಹತ್ತಿರ ಬಂದಳು. "ಅಣ್ಣಾ, ನೀವು ಇಲ್ಲೇ ಕೂತಿದ್ರಿ. ಏನಾದ್ರೂ ಗುರುತು ಸಿಕ್ತಾ?"

"ಮುಖ ಮುಚ್ಕೊಂಡಿದ್ರಲ್ಲಮ್ಮ" ಎಂದು ಅವನು ಮೊಳೆಯ ಡಬ್ಬಿಗೆ ಕೈ ಹಾಕಿದ.

ಆ ಬೆಳಿಗ್ಗೆ ಅರ್ಧ ಇಳಿಸಿದ ಷಟರಿನ ಕೆಳಗಿಂದ ಅವನಿಗೆ ಕಂಡದ್ದು ಹತ್ತು ಬೂಟುಗಳು. ಅದರಲ್ಲಿ ಒಂದು ಜೊತೆ ಅವನೇ ರಿಪೇರಿ ಮಾಡಿದ್ದು. ತಿಂಗಳ ಹಿಂದೆ ಅದನ್ನು ತಂದವನು ಎಡಗಾಲು ಎಳೆದು ನಡೆಯುತ್ತಿದ್ದ. ಆ ಹಿಮ್ಮಡಿಗೆ ಕಬ್ಬಿಣದ ಲಾಳ ಹಾಕಿ ಐದರ ಬದಲು ಏಳು ಮೊಳೆ ಜಡಿಯಬೇಕಾಗಿತ್ತು. ದಳದ ಕ್ಯಾಂಪಿನಲ್ಲಿ ಬೂಟು ಕದಿಯುತ್ತಾರೆ ಎಂದು ಆ ಮನುಷ್ಯ ಸಹೋದ್ಯೋಗಿಗಳನ್ನೆಲ್ಲ ಬೈದು, ಲೇಸಿನ ಕೆಳಗಿರುವ ಬೂಟಿನ ನಾಲಗೆಯ ಒಳಬದಿಗೆ ತನ್ನ ನಂಬರು, ದಳ ಎರಡನ್ನೂ ಅಚ್ಚು ಹಾಕಿಸಿಕೊಂಡಿದ್ದ. ಎದೆಯ ಮೇಲೆ ಇಲ್ಲದ್ದು ಪಾದದ ಮೇಲಿತ್ತು. ಉಕ್ಕಿನ ಅಚ್ಚುಗಳನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಹೊಡೆದವನು ಮೊಳೆಯಪ್ಪ. ಅವನು ಅದನ್ನು ಮರೆತಿರಲಿಲ್ಲ.

ಎಂಟು ದಿನ ಸುಮ್ಮನಿದ್ದ. ಪಕ್ಕದಲ್ಲಿ ದರ್ಜಿಯ ಹೆಂಡತಿ ಅರ್ಧ ಹೊಲಿದ ಬಟ್ಟೆಗಳನ್ನು ಗಿರಾಕಿಗಳಿಗೆ ವಾಪಸು ಕೊಡುತ್ತಿದ್ದಳು. ಆ ಎಂಟು ದಿನಗಳನ್ನು ನಾನು ಕ್ಷಮಿಸುವುದಿಲ್ಲ. ಅವನ ಹೆಂಡತಿಯೂ ಕ್ಷಮಿಸಲಿಲ್ಲ. ಅಂಗಡಿಗೆ ಊಟ ತಂದವಳು ಮಹಡಿಯ ಮೇಲಿನ ನನಗೂ ಕೇಳುವಂತೆ ಅಂದಳು:

"ಅಲ್ಲಾ ಕಣ್ರೀ, ಮೂವತ್ತು ವರ್ಷದಲ್ಲಿ ನನ್ನ ಮುಖಾನೇ ನೆಟ್ಟಗೆ ನೋಡಿಲ್ಲ ನೀವು. ಬೀದೀಲಿ ಯಾರು ಹೋದ್ರೂ ಕಾಲು ನೋಡಿ ಹೇಳ್ತೀರ. ಮುಖ ಮುಚ್ಕೊಂಡಿದ್ರಂತೆ! ಯಾರಿಗೆ ಹೇಳ್ತೀರ ಈ ಕತೆ?"

ನಾಳೆ ನಮ್ಮ ಮನೆಗೇ ಬಂದರೆ ಏನು ಮಾಡುವುದು ಎಂದು ಅವನು ಗೊಣಗಿದ.

"ಬರ್ಲಿ. ಆಗ ಅಕ್ಕಪಕ್ಕದವ್ರೂ ಬಾಯಲ್ಲಿ ಮೊಳೆ ಇಟ್ಕೊಂಡು ಕೂತಿರ್ತಾರೆ, ಬಿಡಿ."

ಒಂಬತ್ತನೆಯ ದಿನ ಮಧ್ಯಾಹ್ನ, ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ತರಲು ನಾನು ದರ್ಜಿಯ ಅಂಗಡಿಯಲ್ಲಿ ಅವನ ಹೆಂಡತಿಯೆದುರು ನಿಂತಿದ್ದೆ. ಮೊಳೆಯಪ್ಪ ಒಳಗೆ ಬಂದ. ಹೊಲಿಗೆ ಯಂತ್ರದ ಮೇಲೆ ಆ ಖಾಲಿ ಫಾರಂ ಬಿದ್ದಿತ್ತು. ಅದರ ಮೇಲೆ ಅಂಗೈಯಗಲದ ಚರ್ಮದ ತುಂಡೊಂದನ್ನು ಇಟ್ಟ. ಮೇಲಿನ ಸಾಲಿನಲ್ಲಿ ಅಧಿಕಾರಿಯ ನಂಬರು, ದಳ. ಕೆಳಗೆ, ಅದೇ ಅಚ್ಚಿನಲ್ಲಿ, ನೋಡಿದವನು ಎಂದು ಒಂದು ಪೂರ್ತಿ ಹೆಸರು. ಅದು ಯಾರದೆಂದು ತಿಳಿಯಲು ನಾವಿಬ್ಬರೂ ತಲೆಯೆತ್ತಿ ಅವನ ಮುಖ ನೋಡಬೇಕಾಯಿತು.