ಓಗೊಡದ ಹೊಲ

ಕಳೆದ ತಿಂಗಳು ಹುಣಸೂರಿನಲ್ಲಿ ರವಿಕೆ ಹೊಲಿಸಲು ಕೊಟ್ಟು, ಹೋದ ಸಲದ ಅಳತೆಗಿಂತ ಎಷ್ಟು ದಪ್ಪಗಾಗಿದ್ದೇನೆಂದು ದರ್ಜಿ ಜೋರಾಗಿ ಸಾರುತ್ತಿದ್ದುದನ್ನು ಕೇಳಿಯೂ ಕೇಳದವಳಂತೆ ಕೂತಿದ್ದೆ. ಅವನು ಮಿಷನ್ನಿಗೆ ಎಣ್ಣೆ ಬಿಟ್ಟ. ಆ ವಾಸನೆಗೆ ನಾನು ಎದ್ದು ಬಾಗಿಲ ಬಳಿ ಹೋಗಿ ನಿಂತೆ.

ಅಪ್ಪ ಕೋವಿಗೆ ಹಾಕುತ್ತಿದ್ದದ್ದು ಅದೇ ಎಣ್ಣೆ. ನಮ್ಮದು ಹನಗೋಡಿನ ಆಚೆ, ಕಾಡಿನಂಚಿನ ಊರು. ಬೆಳೆ ಕಾಯಲೆಂದು ಲೈಸನ್ಸ್ ಪಡೆದ ಒಂಟಿ ನಳಿಗೆಯ ಕೋವಿ ಅದು. ನೀವು ಅಪ್ಪನನ್ನು ಮೀಸೆಯ ಬೇಟೆಗಾರ ಎಂದುಕೊಂಡರೆ ತಪ್ಪು. ಬಲು ಪುಕ್ಕಲು ಮನುಷ್ಯ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಎಲೆಕ್ಷನ್ ಬಂತೆಂದರೆ ಎಲ್ಲರಿಗಿಂತ ಮೊದಲು ಠಾಣೆಗೆ ಹೋಗಿ ಒಪ್ಪಿಸಿ ಬರುತ್ತಿದ್ದರು. ಹಂದಿ ಬಂದರೂ ಆಕಾಶಕ್ಕೇ ಈಡು. ಅದಕ್ಕೂ ಮುಂಚೆ, "ಯಾರ್ಲಾ ಅದು? ಮನ್ಸರಾದ್ರೆ ಮಾತಾಡಿ!" ಎಂದು ಕೂಗಲೇಬೇಕು. ಕೋವಿ ಇರಬೇಕೇ ಬೇಡವೇ ಎಂದು ಟೀವಿಯಲ್ಲಿ ಗಂಟಲು ಹರಿದುಕೊಳ್ಳುವವರು ಹೇಳುವ ಜವಾಬ್ದಾರಿಯ ಮನುಷ್ಯ ಎಂದರೆ ಅವರೇ.

ಈಗ ಇನ್ನೊಂದು ಮಾತು ಹೇಳಬೇಕು, ಮೂಗು ಮುಚ್ಚಿಕೊಳ್ಳಬೇಡಿ. ನಮ್ಮಲ್ಲಿ ಹೆಂಗಸರು ಬಯಲಿಗೆ ಹೋಗುವುದು ಕತ್ತಲು ಕವಿಯುವ ಹೊತ್ತಿಗೆ. ಸರ್ಕಾರ ಕಟ್ಟಿಸಿಕೊಟ್ಟ ಪಾಯಿಖಾನೆ ಮನೆಮನೆಗೂ ಇತ್ತು. ನಮ್ಮದರಲ್ಲಿ ಗೊಬ್ಬರದ ಮೂಟೆ, ಪಕ್ಕದ ಜವರಪ್ಪ ಮಾವನದರಲ್ಲಿ ಸೌದೆ. ಹೀಗೆ ಹೋದಾಗ ಯಾರು ಕರೆದರೂ ಓಗೊಡಬಾರದು, ಉಸಿರು ಬಿಗಿಹಿಡಿದು ಕೂತಿರಬೇಕು ಎಂದು ಅಜ್ಜಿ ನನಗೆ ಕಲಿಸಿದ್ದಳು. ಎಲ್ಲ ಅಜ್ಜಿಯರೂ ಕಲಿಸುತ್ತಿದ್ದರು.

ಆ ವಾರ ಹಂದಿಗಳು ಅರ್ಧ ಮುಸುಕಿನ ಜೋಳವನ್ನು ನೆಲಸಮ ಮಾಡಿದ್ದವು. ಪುಕ್ಕಲನಿಗೂ ಸಿಟ್ಟು ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಜೋಳದೊಳಗೆ ಸರಸರ ಸದ್ದಾಯಿತು. ಅಪ್ಪ ಕೂಗಿದರು. ಸದ್ದು ನಿಂತಿತು. ಮತ್ತೆ ಕೂಗಿದರು. ಉತ್ತರವಿಲ್ಲ. ಅಂದು ಅವರು ಆಕಾಶಕ್ಕೆ ಹೊಡೆಯಲಿಲ್ಲ.

ಸತ್ತದ್ದು ದೇವೀರಮ್ಮತ್ತೆ, ಜವರಪ್ಪ ಮಾವನ ಹೆಂಡತಿ. ಪಕ್ಕದಲ್ಲಿ ಚೊಂಬು ಬಿದ್ದಿತ್ತು. "ಕೂಗಿದ್ನಲ್ಲಾ ಕಣವ್ವಾ, ಕೂಗಿದ್ನಲ್ಲಾ" ಎಂದು ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು. ಅತ್ತೆಗೆ ಅದು ಕೇಳಿಸಿತ್ತು ಎಂಬುದು ನನಗೆ ಗೊತ್ತು. ಅವರ ಜಾಗದಲ್ಲಿ ನಾನಿದ್ದರೂ ಮಾತಾಡುತ್ತಿರಲಿಲ್ಲ. ಇದನ್ನು ಅಪ್ಪನಿಗೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. ಕೇಸು ಮುಗಿಯುವ ಮೊದಲೇ ಅವರೂ ಹೋದರು.

ದರ್ಜಿ ಅಂಗಡಿಯಿಂದ ಮನೆಗೆ ಬಂದ ಮಾರನೆಯ ದಿನವೇ ಠಾಣೆಯಿಂದ ಫೋನು. ಕೋರ್ಟಿನಿಂದ ಕೋವಿ ಬಿಡುಗಡೆಯಾಗಿದೆ. ನನ್ನ ಹೆಸರಿಗೆ ಲೈಸನ್ಸ್ ಮಾಡಿಸಿಕೊಳ್ಳಬೇಕು, ಇಲ್ಲವೇ ಬೇಡವೆಂದು ಬರೆದುಕೊಡಬೇಕು. ಸುದ್ದಿ ತಿಳಿದು ಜವರಪ್ಪ ಮಾವ ಜಗಲಿಗೆ ಬಂದು ಕೂತರು. ಬೇಡ ಅನ್ನಲು ಬಂದಿದ್ದಾರೆಂದು ತಿಳಿದು ನಾನೇ ಮೊದಲು, "ಒಪ್ಪಿಸ್ಬುಡ್ತೀನಿ ಮಾವ" ಎಂದೆ.

"ಉಚ್ಚು ಇಡೀತಾ ನಿಂಗೆ?" ಎಂದರು. "ನಿಮ್ದು ನಮ್ದು ಎರಡೂ ಒಲ ಹಂದಿ ಪಾಲಾಯ್ತವೆ. ಮಾಡಿಸ್ಕೊ ಕಣವ್ವ. ನಮ್ ಸೊಸೆಗೆ ಹೇಳಿವ್ನಿ, ಎಲ್ಲೇ ಕೂತಿರು, ಯಾರಾರ ಕೂಗುದ್ರೆ ನಾಚ್ಕೆ ಬುಟ್ಟು ಮಾತಾಡು ಅಂತ."

ನನಗೆ ಅಳು ಬಂತು. ಹೆಂಡತಿಯನ್ನು ಕಳೆದುಕೊಂಡವನು ಹೊಲ ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಇದು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮಾರನೆಯ ದಿನ ಹೋಗಿ ಬೇಡವೆಂದು ಬರೆದುಕೊಟ್ಟೆ. ಆ ವಾರವೇ ಹಂದಿಗಳು ಬಂದವು. ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸಂಜೆಯಾದರೆ ಬೇಲಿಯಾಚೆ ಅವರ ಸೊಸೆ ತಗಡು ಬಡಿಯುತ್ತಾಳೆ, ಈಚೆ ನಾನು ಬಡಿಯುತ್ತೇನೆ. ಹಂದಿಗಳೇನೂ ಅಷ್ಟಕ್ಕೆಲ್ಲ ಹೆದರುವುದಿಲ್ಲ. ಇಲ್ಲಿ ಮನುಷ್ಯರಿದ್ದೇವೆ ಎಂದಾದರೂ ಗೊತ್ತಾಗಲಿ ಅಂತ ಬಡಿಯುತ್ತೇವೆ.