ಹೊಲಕ್ಕಲ್ಲ, ನನಗೆ

“ಅಣ್ಣಾರ, ಒಂದೀಟು ನೀರು ಕೊಡ್ರಿ” ಎಂದು ಆ ಹೆಂಗಸು ಕೇಳಿದಾಗ ನಾನು ಮೀಟರ್‌ನಿಂದ ಕಣ್ಣು ತೆಗೆಯಲೇ ಇಲ್ಲ. ಬಳ್ಳಾರಿಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನಾನು ಹಿರಿಯ ಶಿಫ್ಟ್ ಆಪರೇಟರ್. ಆಕೆ ಒಣಗಿದ ಕೆಸರನ್ನು ಗೊಬ್ಬರಕ್ಕೆಂದು ಒಯ್ಯಲು ಬಾದನಹಟ್ಟಿಯಿಂದ ಟ್ರ್ಯಾಕ್ಟರ್‌ನಲ್ಲಿ ಬಂದವಳು. ನಮ್ಮಲ್ಲಿ ರೈತರು ನೀರು ಕೇಳಿದರೆ, ಶುದ್ಧೀಕರಿಸಿ ಹೊರಗೆ ಬಿಡುವ ನೀರನ್ನು ಹೊಲಕ್ಕೆ ಕೇಳುತ್ತಿದ್ದಾರೆ ಎಂದೇ ಅರ್ಥ. ಎಲ್ಲರಿಗೂ ಹೇಳುವುದನ್ನೇ ಆಕೆಗೂ ಹೇಳಿದೆ:

“ಆಫೀಸಿಗೆ ಅರ್ಜಿ ಕೊಡ್ರಿ ಅವ್ವಾ. ಹತ್ತಿಗೆ ಹಾಯಿಸಬಹುದು, ಕಾಯಿಪಲ್ಲೆಕ್ಕ ಬ್ಯಾಡ.”

ಆಕೆ ಜೋರಾಗಿ ನಕ್ಕಳು. “ಹೊಲಕ್ಕಲ್ರಿ ಅಣ್ಣಾ, ನನಗ. ಬಾಯಿ ಒಣಗೈತಿ.”

ಆಗ ಮೀಟರ್‌ನಿಂದ ಕಣ್ಣು ತೆಗೆದು ಆಕೆಯತ್ತ ನೋಡಿದೆ. ಇಲ್ಲಿಗೆ ಬರುವ ಅಧಿಕಾರಿಗಳು, ಕಾಲೇಜಿನ ಮಕ್ಕಳು ಮೂಗಿನ ಮೇಲಿನ ಕರ್ಚೀಫು ತೆಗೆಯುವುದಿಲ್ಲ. ಸೀಲ್ ಒಡೆಯದ ಬಾಟಲಿ ಕೊಟ್ಟರೂ ಕಾರಿನವರೆಗೆ ಹಾಗೆಯೇ ಹಿಡಿದುಕೊಂಡು ಹೋಗುತ್ತಾರೆ. ಸಿರುಗುಪ್ಪದ ನಮ್ಮ ಬೀಗರು ಒಮ್ಮೆ ಬಂದಿದ್ದಾಗ, “ಈಗಷ್ಟೇ ಚಾ ಕುಡದು ಬಂದೀವ್ರಿ” ಎಂದು ಗೇಟಿನಲ್ಲೇ ನಿಂತು ಮಾತಾಡಿಸಿ ಹೋಗಿದ್ದರು.

ಮನೆಯಿಂದ ತಂದಿದ್ದ ನನ್ನ ಬಾಟಲಿಯನ್ನೇ ಕೊಟ್ಟೆ. ಆಕೆ ಎತ್ತಿ ಹಿಡಿದು ಗಟಗಟನೆ ಅರ್ಧ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, “ತಣ್ಣಗ ಅದಾವ ನೋಡ್ರಿ” ಎಂದು ಟ್ರ್ಯಾಕ್ಟರ್ ಹತ್ತಿದಳು.

ಈಗ ನಾನು ಡ್ಯೂಟಿಗೆ ಎರಡು ಬಾಟಲಿ ನೀರು ತರುತ್ತೇನೆ. ಒಂದು ನನಗೆ. ಇನ್ನೊಂದು ಹೆಚ್ಚಿನ ದಿನ ತುಂಬಿದ್ದು ತುಂಬಿದಂತೆಯೇ ಮನೆಗೆ ವಾಪಸಾಗುತ್ತದೆ. ಆದರೂ ತರುತ್ತೇನೆ.