ಮೂರು ಸುಟ್ಟ ಹೀಟ್ ಗನ್ನುಗಳೊಡನೆ ಸೂಳಗಿರಿಯವರೆಗೆ

ಬೆಳಿಗ್ಗೆ ಆರೂವರೆಗೆ ಅಂಚೆಟ್ಟಿಯಿಂದ ಹೊಸೂರಿಗೆ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೊಡೆಯ ಮೇಲಿನ ಚೀಲದಲ್ಲಿ ಕೆಟ್ಟುಹೋದ ಮೂರು ಹೀಟ್ ಗನ್ನುಗಳಿದ್ದವು. ಬಿಸಿ ಗಾಳಿ ಊದುವ ಈ ಸಾಧನವಿಲ್ಲದೆ ನನ್ನ ಮೋಟಾರು ರಿಪೇರಿ ವರ್ಕ್‌ಶಾಪ್ ನಡೆಯುವುದಿಲ್ಲ. ಬೋರ್‌ವೆಲ್ಲಿಗೆ ಇಳಿಸುವ ಪಂಪಿನ ಕೇಬಲ್ ಜೋಡಿಸಿ, ಜೋಡಿಸಿದ ಜಾಗಕ್ಕೆ ಪ್ಲಾಸ್ಟಿಕ್ ಕೊಳವೆಯಂಥ ಸ್ಲೀವ್ ಏರಿಸಿ, ಬಿಸಿ ಗಾಳಿ ಹಿಡಿದು ಅದನ್ನು ಬಿಗಿಯಾಗಿಸಬೇಕು. ಒಂದು ಕಡೆ ಸಡಿಲವಾದರೂ ನೀರು ನುಗ್ಗುತ್ತದೆ. ಆರುನೂರು ಅಡಿ ಆಳದಿಂದ ಪಂಪನ್ನು ಮತ್ತೆ ಮೇಲೆತ್ತಬೇಕು. ನಾಲ್ಕು ತಿಂಗಳಲ್ಲಿ ಎರಡು ಸಲ ಹಾಗಾಗಿತ್ತು. ನಾಟ್ರಾಂಪಾಳ್ಯದ ಕಡೆಯ ಗಿರಾಕಿಗಳು ಅಂಚೆಟ್ಟಿಯ ನನ್ನ ಅಂಗಡಿಯನ್ನು ದಾಟಿಕೊಂಡು ಡೆಂಕಣಿಕೋಟೆಗೆ ಹೋಗತೊಡಗಿದ್ದರು.

ಆ ಕೆಲಸ ನಿಜಕ್ಕೂ ಬರುತ್ತಿದ್ದುದು ಮುನಿರಾಜುವಿಗೆ. ಏಳು ವರ್ಷ ನನ್ನ ಬಳಿ ಕೆಲಸ ಮಾಡಿದ. ಎರಡು ಗನ್ನುಗಳನ್ನು ಬೀಳಿಸಿ ಕೆಡಿಸಿದನೆಂದು ನಾಲ್ಕು ತಿಂಗಳ ಹಿಂದೆ ನಾನೇ ಕೆಲಸ ಬಿಡಿಸಿ ಕಳಿಸಿದೆ. ಎರಡನೆಯದು ನೆಲಕ್ಕೆ ಬಿದ್ದ ಸದ್ದು ನನ್ನ ಕಿವಿಯಲ್ಲಿ ಹಾಗೇ ಇತ್ತು. ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವನು ನಾನು, ದೇವರು, ಜಾತಕ, ಪತ್ರಿಕೆಯ ಸುದ್ದಿ ಎಲ್ಲವನ್ನೂ ಅನುಮಾನಿಸುತ್ತೇನೆ. ನನ್ನ ಕಿವಿಯನ್ನು ಅನುಮಾನಿಸಿರಲಿಲ್ಲ. ಮೂರನೆಯ ಗನ್ ಅವನು ಹೋದ ಮೇಲೆ ಕೆಟ್ಟಿತು. ಅದಕ್ಕೆ ಕಂಪನಿಯನ್ನು ಬೈದುಕೊಂಡೆ.

ಘಾಟಿಯ ತಿರುವುಗಳಲ್ಲಿ ಇನ್ನೂ ಮಂಜಿತ್ತು. ಪಕ್ಕದಲ್ಲಿ ಹುಣಸೆಹಣ್ಣಿನ ಮೂಟೆ ಇಟ್ಟುಕೊಂಡು ಕೂತಿದ್ದ ಅಜ್ಜಿ ನನ್ನ ಚೀಲದೊಳಗೆ ಇಣುಕಿದಳು.

“ಅದೇನಪ್ಪಾ, ಕೂದ್ಲು ಒಣಗ್ಸೋ ಮಿಶಿನ್ನಾ?”

“ಹೆಚ್ಚು ಕಡಿಮೆ ಅಂಥದ್ದೇ, ಅಜ್ಜಿ.”

“ಇರೋ ನಾಕ್ ಕೂದ್ಲಿಗೆ ಮೂರ್ ಮಿಶಿನ್ನಾ?”

ಹಿಂದಿನ ಸೀಟಿನವರೆಲ್ಲ ನಕ್ಕರು. ನಾನು ಟೋಪಿ ಹಾಕಿಕೊಂಡೆ.

ಐವತ್ತು ಕಿಲೋಮೀಟರಿಗೆ ಎರಡು ಗಂಟೆಗೂ ಮೀರಿ ಹಿಡಿಯಿತು. ಹೊಸೂರಿನ ಬಸ್‌ಸ್ಟ್ಯಾಂಡ್ ಎದುರು ತಣ್ಣಗಾದ ಇಡ್ಲಿ ತಿಂದು, ಹತ್ತು ನಿಮಿಷ ನಡೆದು ಗೋವಿಂದಣ್ಣನ ಅಂಗಡಿ ಸೇರಿದೆ. ಉಪಕರಣಗಳನ್ನು ಮಾರುವುದೂ ರಿಪೇರಿ ಮಾಡುವುದೂ ಅವನೇ. ಅರವತ್ತು ದಾಟಿದ ಮನುಷ್ಯ.

“ಬಾಳಿಕೆ ಬರೋದು ಕೊಡಿ, ಬೆಲೆ ಎಷ್ಟಾದರೂ ಸರಿ,” ಎಂದೆ.

“ಮೊದ್ಲು ಸತ್ತಿರೋದನ್ನ ತೋರ್ಸಿ ಸಾರ್. ಯಾಕೆ ಸತ್ತಿತು ಅಂತ ನೋಡ್ದೆ ನಾನು ಹೊಸದು ಕೊಡಲ್ಲ.”

ಮೂರರ ಸ್ಕ್ರೂಗಳನ್ನೂ ಬಿಚ್ಚಿ ಸಾಲಾಗಿ ಇಟ್ಟ. ಮೂರರಲ್ಲೂ ಬಿಸಿಯಾಗುವ ಕಾಯಿಲ್ ಸುತ್ತಿದ್ದ ಪಿಂಗಾಣಿ ಬಿರುಕು ಬಿಟ್ಟಿತ್ತು, ಹತ್ತಿರದ ಪ್ಲಾಸ್ಟಿಕ್ ಕರಗಿ ಬಾಗಿತ್ತು.

“ಪಾರುಂಗ ಸಾರ್, ನೋಡಿ. ಮೂರಕ್ಕೂ ಒಂದೇ ಕಾಯಿಲೆ.”

“ಬಿದ್ದು ಒಡೆದದ್ದಲ್ಲವೇ?”

“ಬಿದ್ರೆ ಮೂತಿ ನೆಗ್ಗುತ್ತೆ. ಇವಕ್ಕೆ ಒಂದು ಗೀರೂ ಇಲ್ಲ. ಇದು ಕೆಂಪಗೆ ಕಾದಿರೋವಾಗ ಕರೆಂಟ್ ಕಿತ್ತಿರೋದು. ಎರಡು ನಿಮಿಷ ತಣ್ಣನೆ ಗಾಳಿ ಓಡ್ಸಿ ಆಮೇಲೆ ನಿಲ್ಲಿಸ್ಬೇಕು. ನಿಮ್ಮ ಶಾಪಲ್ಲಿ ಮೇನ್ ಸ್ವಿಚ್ ಎಳೆಯೋದು ಯಾರು?”

ಮೇನ್ ಎಳೆಯುವುದು ನಾನು. ಮಧ್ಯಾಹ್ನ ಊಟಕ್ಕೆ ಏಳುವಾಗ, ಸಂಜೆ ಬಾಗಿಲು ಹಾಕುವಾಗ, ಯಾರ ಕೈಯಲ್ಲಿ ಏನು ಓಡುತ್ತಿದೆ ಎಂದು ನೋಡದೆ “ಸಾಕು ಬನ್ರೋ” ಎಂದು ಹ್ಯಾಂಡಲ್ ಇಳಿಸಿಬಿಡುತ್ತೇನೆ. ಅದನ್ನು ಸುರಕ್ಷತೆ ಎಂದು ಕರೆಯುತ್ತಿದ್ದೆ. ಗೋವಿಂದಣ್ಣನಿಗೆ ಹೊಸ ಗನ್ ತೋರಿಸಲು ಹೇಳಿದೆ.

ಅವನು ಆರಿಸಿಕೊಟ್ಟ ಗನ್ ಎರಡು ಸಾವಿರ ವ್ಯಾಟಿನದು. ತಣ್ಣನೆ ಗಾಳಿಗೆ ಬೇರೆ ಹಂತ, ದಪ್ಪ ವೈರು, ಬದಲಿ ಕಾಯಿಲ್ ಅದೇ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಮೂರು ಸಾವಿರದ ಎಂಟುನೂರು. ಹತ್ತು ವರ್ಷ ಬರುತ್ತದೆಯೇ ಎಂದು ಕೇಳಿದೆ.

“ಮೇನ್ ಎಳೆಯೋರು ರಜಾ ಹಾಕಿದ್ರೆ ಬರುತ್ತೆ.”

ಊರಿಗೆ ಹಿಂತಿರುಗುವ ಬದಲು ಮುನಿರಾಜುವಿಗೆ ಫೋನ್ ಮಾಡಿದೆ. ಸೂಳಗಿರಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಅವನು ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದನೆಂದು ಕೇಳಿದ್ದೆ. “ಮೂರು ಗಂಟೆಗೆ ಶಿಫ್ಟು. ಬರೋದಾದ್ರೆ ಬನ್ನಿ,” ಎಂದಷ್ಟೇ ಹೇಳಿದ. ಕೃಷ್ಣಗಿರಿ ಬಸ್ಸು ಮುಕ್ಕಾಲು ಗಂಟೆಯಲ್ಲಿ ಸೂಳಗಿರಿಯಲ್ಲಿ ಇಳಿಸಿತು. ಮಂಜು ಕಂಡಿದ್ದು ಅದೇ ದಿನವೇ ಎನ್ನಿಸುವಂಥ ಬಿಸಿಲು. ಟೊಮ್ಯಾಟೊ ಲಾರಿಗಳ ಧೂಳಿನಲ್ಲಿ ಎರಡು ಕಿಲೋಮೀಟರ್ ನಡೆದೆ.

ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಅವನು ನೀಲಿ ಅಂಗಿ ತೊಟ್ಟು ಕೂತಿದ್ದ. ಮೇಲೇಳಲಿಲ್ಲ. ಗೋವಿಂದಣ್ಣ ಹೇಳಿದ್ದನ್ನೆಲ್ಲ ಹೇಳಿದೆ.

“ಗನ್ ಕೆಡಿಸಿದ್ದು ನೀನಲ್ಲ ಅಂತ ಗೊತ್ತಾಯ್ತು.”

“ನಂಗೆ ಅವತ್ತೇ ಗೊತ್ತಿತ್ತಲ್ಲಣ್ಣ. ಮೇನ್ ಎಳೀಬ್ಯಾಡಿ, ಆರ್ಲಿ ಅಂತ ಎಷ್ಟ್ ಸಲ ಬಡ್ಕೊಂಡೆ!”

ಅವನು ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. “ಆದರೂ ಏನೋ ಬಿದ್ದ ಸದ್ದು ಕೇಳಿದ್ದೆ,” ಎಂದೆ.

“ಬಿದ್ದಿದ್ದು ಡ್ರಿಲ್ಲು. ಬೀಳ್ಸಿದ್ದು ನೀವು.”

“ಅದು ನಿಜ ಅನ್ನೋದಕ್ಕೆ ಏನು...” ಎಂದು ಬಾಯಿಗೆ ಬಂದದ್ದನ್ನು ಪೂರ್ತಿ ಆಡುವ ಮೊದಲೇ ಅವನು ಗ್ಲಾಸು ಕುಕ್ಕಿದ.

“ಸಾಕ್ಷಿ ಬೇಕಾ? ನನ್ ತಲೆಗೆ ಕಟ್ಟುವಾಗ ಯಾವ ಸಾಕ್ಷಿ ಕೇಳಿದ್ರಣ್ಣ?”

ವಾಪಸ್ ಬಾ, ಸಂಬಳ ಹೆಚ್ಚಿಸುತ್ತೇನೆ ಎಂದೆ.

“ಸಂಬ್ಳ ಬುಡಿ. ನಂಜಪ್ಪನ ಟೀ ಅಂಗ್ಡೀಲಿ ಎಲ್ರ ಮುಂದೆ ಹೇಳ್ಬುಟ್ರಿ, ಮುನಿರಾಜು ಕೈ ನಡುಗ್ತದೆ ಅಂತ. ಈಗ್ಲೂ ನಮ್ಮೂರಾಗೆ ಯಾರೂ ನನ್ ಕೈಗೆ ಒಂದ್ ಸ್ಪಾನರ್ ಕೊಡಕಿಲ್ಲ. ನಮ್ಮಾವ ಮೋಟ್ರು ಕೆಟ್ರೆ ಡೆಂಕಣಿಕೋಟೆಗೆ ಒಯ್ತಾನೆ. ಅಲ್ಲೇ ಹೋಗಿ ಇದ್ನೂ ಹೇಳಿ. ಆಮೇಲೆ ಬತ್ತೀನಿ.”

ಹೇಳುತ್ತೇನೆ ಎಂದೆ. ಅವನು ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಗೇಟಿನೊಳಗೆ ಹೋದ. ನನ್ನ ಟೀಗೂ ಅವನೇ ದುಡ್ಡು ಕೊಟ್ಟಿದ್ದ.

ಹಿಂತಿರುಗುವ ದಾರಿಯಲ್ಲಿ ಹೊಸೂರಿನಿಂದ ಅಂಚೆಟ್ಟಿಯವರೆಗೂ ಆಡಬೇಕಾದ ಮಾತನ್ನು ಜೋಡಿಸಿಕೊಂಡೆ. ಎರಡೇ ವಾಕ್ಯ: ಮುನಿರಾಜುವಿನ ಕೈ ಸರಿಯಾಗಿದೆ. ತಪ್ಪು ನನ್ನದು. ಪರೀಕ್ಷೆಗೆ ಓದುವ ಹಾಗೆ ಮತ್ತೆ ಮತ್ತೆ ಹೇಳಿಕೊಂಡೆ.

ಸಂಜೆ ಆರೂವರೆಗೆ ಬಸ್ ಇಳಿದು ನಂಜಪ್ಪನ ಅಂಗಡಿಗೆ ನೇರವಾಗಿ ಹೋದೆ. ಬೆಂಚಿನ ಮೇಲೆ ಐದಾರು ಜನರಿದ್ದರು. ನಂಜಪ್ಪ ಹೊಸ ಗನ್ನಿನ ಡಬ್ಬ ತೆಗೆಸಿ, ಕೈಯಲ್ಲಿ ಹಿಡಿದು ತೂಗಿ ನೋಡಿದ.

“ಭಾರಿ ಗಟ್ಟಿ ಮಾಲು ಇದು! ಮೊದಲಿನವು ಯಾಕಣ್ಣ ಹೋದ್ವು?”

“ಅವು ಕಳಪೆ ಮಾಲು,” ಎಂದೆ. ಮುಂದಿನ ಮಾತಿಗೆ ಬಾಯಿ ತೆರೆದೆ.

“ಕಳಪೆ ಏನು ಬಂತು, ಆ ಮುನಿರಾಜು ಕೈಗೆ ಸಿಕ್ರೆ ಇದೂ ಮೂರ್ ದಿನ ಬಾಳಕಿಲ್ಲ,” ಎಂದು ಬೆಂಚಿನಿಂದ ಒಬ್ಬ ಹೇಳಿದ.

ಎಲ್ಲರೂ ನಕ್ಕರು. ನಾನೂ ನಕ್ಕೆನೇ ಎಂಬುದು ಈಗ ನೆನಪಿಗೆ ಬರುತ್ತಿಲ್ಲ. ಅವನ ಮಾತನ್ನು ತಿದ್ದಲಿಲ್ಲ ಎಂಬುದು ಮಾತ್ರ ಖಂಡಿತ.